ಬಣ್ಣ ಹಿಡಿಯುವವರೆಗೆ

ಬೀದಿಯವರೆಲ್ಲ ಅವನನ್ನು ಕರೆಯುತ್ತಿದ್ದುದು ‘ಮೇಡಂ ಗಂಡ’ ಎಂದೇ. ಹೆಂಡತಿಯ ಬ್ಯೂಟಿ ಪಾರ್ಲರಿನ ಗಲ್ಲಾಪೆಟ್ಟಿಗೆಯ ಹಿಂದೆ ವರ್ಷಗಟ್ಟಲೆ ಕೂತವನಿಗೆ ಬೇರೆ ಹೆಸರು ಉಳಿದಿರಲಿಲ್ಲ. ಕಳೆದ ವಾರ ಮುಖಕ್ಕೆ ಲೇಪ ಹಚ್ಚಿಸಿಕೊಂಡು ಮಲಗಿದ್ದ ಗಿರಾಕಿಯೊಬ್ಬಳು, “ನಿಮ್ಮ ಯಜಮಾನ್ರು ಏನ್ ಕೆಲ್ಸ ಮಾಡ್ತಾರೆ?” ಎಂದು ಕೇಳಿದಳು.

“ಕುರ್ಚಿ ಹಾರಿಹೋಗ್ದೆ ಇರೋ ಹಾಗೆ ನೋಡ್ಕೋತಾರೆ,” ಎಂದಳು ಹೆಂಡತಿ.

ಒಣಗಿದ್ದ ಲೇಪ ಬಿರಿಯುವಷ್ಟು ನಕ್ಕಳು ಆಕೆ.

ನಗುವನ್ನಾದರೆ ನುಂಗಿಕೊಳ್ಳುತ್ತಿದ್ದ. ನುಂಗಲಾಗದ್ದು, ಅಂದು ಬಾಗಿಲೆಳೆಯುವಾಗ ಹೆಂಡತಿ ತಣ್ಣಗೆ ಹೇಳಿದ ಮಾತು: “ಈ ಸಲ ಪಾಲಿಸಿ ರಿನ್ಯೂ ಮಾಡಿಸುವಾಗ ನಾಮಿನಿ ಜಾಗಕ್ಕೆ ತಂಗಿ ಹೆಸರು ಹಾಕಿಸ್ತೀನಿ. ಆಮೇಲೆ ವಕೀಲರ ಹತ್ರ ಹೋಗೋಣ. ನಂಗೆ ಸಾಕಾಯ್ತು ರೀ.”

ಪಾರ್ಲರಿಗೆ ವಿಮೆ ಮಾಡಿಸಿದವನು ಅವನೇ. ಅವಳು ಕೂದಲಿನ ಗುಣ ಬಲ್ಲಳು, ಅವನು ಪಾಲಿಸಿಯ ಸಣ್ಣಕ್ಷರ ಬಲ್ಲ. ಗಿರಾಕಿಯ ಚರ್ಮ ಸುಟ್ಟರೆ ಪರಿಹಾರ, ಕನ್ನಡಿ ಒಡೆದರೆ ಪರಿಹಾರ. ಮಾಲೀಕಳೇ ಕೆಲಸದ ಜಾಗದಲ್ಲಿ ಅಪಘಾತಕ್ಕೆ ಸತ್ತರೆ ನಾಮಿನಿಯ ಬದುಕಿಡೀ ಸಾಲುವಷ್ಟು. ಬೆಂಕಿ ಬಿದ್ದರೆ ವಿಮೆಯವರು ಬೂದಿಯನ್ನೂ ಜರಡಿ ಹಿಡಿಯುತ್ತಾರೆ. ಕರೆಂಟ್ ಹೊಡೆದರೆ ವೈರು ಬಿಚ್ಚಿ ನೋಡುತ್ತಾರೆ. ಜಾರಿ ಬಿದ್ದವರ ಬಗ್ಗೆ ಮಾತ್ರ ಯಾರೂ ಕೇಳುವುದಿಲ್ಲ. ಒದ್ದೆ ನೆಲ ಎಂದಮೇಲೆ ಜಾರುವುದೇ.

ರಜೆಯ ದಿನ ಮುಂಬಾಗಿಲೆಳೆದುಕೊಂಡು ಅವಳು ತನ್ನ ತಲೆಗೇ ಬಣ್ಣ ಹಚ್ಚಿಕೊಳ್ಳುವುದು ರೂಢಿ. ಅವನು ಹಿಂಬಾಗಿಲಿನಿಂದ ಒಳಬಂದಾಗ ಅವಳು ಬಣ್ಣ ಬಳಿದು ಮುಗಿಸಿ, ಕೈಗವಸು ಕಳಚುತ್ತಿದ್ದಳು. ನೆತ್ತಿಯ ತುಂಬ ಹಾಲಿನ ಕೆನೆಯಂಥ ಲೇಪ.

“ಕೂದಲು ಬೆಳೆದಿದೆ. ಸ್ವಲ್ಪ ಕತ್ತರಿಸ್ತೀಯಾ?”

“ಇವತ್ತು ಸೂರ್ಯ ಯಾವ ಕಡೆ ಹುಟ್ಟಿದ?” ಅವಳ ಮುಖ ಅರಳಿತು. “ಕೂತ್ಕೊಳ್ಳಿ. ನನ್ನ ಬಣ್ಣ ಹಿಡಿಯೋಕೆ ಹೇಗೂ ಅರ್ಧ ಗಂಟೆ ಬೇಕು.”

ಅರ್ಧ ಗಂಟೆ ಅವನಿಗೆ ಧಾರಾಳವಾಗಿತ್ತು. ರಕ್ತ ಬಟ್ಟೆಗೆ ಸಿಡಿಯದಂತೆ ಏನು ಹೊದೆಯಬೇಕೆಂದು ವಾರವೆಲ್ಲ ಯೋಚಿಸಿ ಆರಿಸಿದ್ದ ಪ್ಲಾಸ್ಟಿಕ್ ಹೊದಿಕೆಯನ್ನು ಅವಳೇ ಅವನ ಕೊರಳಿಗೆ ಕಟ್ಟಿದಳು. ಬಿಗಿಯಾಯಿತೇ ಎಂದು ಬೆರಳು ತೂರಿಸಿ ನೋಡಿದಳು. ಸ್ಪ್ರೇ ಬಾಟಲಿಗೆ ನೀರು ತುಂಬಲು ಬೇಸಿನ್ನಿನತ್ತ ಬಾಗಿದಾಗ ಅವನು ಎದ್ದ. ಕತ್ತು ಹಿಡಿದು, ಅವಳ ಹಣೆಯನ್ನು ಪಿಂಗಾಣಿಯ ಅಂಚಿಗೆ ಅಪ್ಪಳಿಸಿದ.

ತೆಂಗಿನಕಾಯಿ ಒಡೆದ ಸದ್ದು. ಆದರೆ ಅವಳು ಸಾಯಲಿಲ್ಲ. ಎರಡೂ ಕೈಯಲ್ಲಿ ತಲೆ ಅವಚಿಕೊಂಡು ತಿರುಗಿದಳು. ಕಣ್ಣಿಗೆ ರಕ್ತ ಇಳಿಯುತ್ತಿತ್ತು. “ರೀ...” ಎಂದಳು, ಬಿದ್ದವಳನ್ನು ಹಿಡಿದುಕೊಳ್ಳಿ ಎನ್ನುವಂತೆ. ಅರ್ಥವಾದ ಕ್ಷಣ ಅಂಗೈಯಿಂದ ಅವನ ಕೆನ್ನೆಯನ್ನೊತ್ತಿ, ಇದ್ದ ಶಕ್ತಿಯೆಲ್ಲ ಹಾಕಿ ದೂಡಿದಳು. ಅವನು ಅವಳ ಮಣಿಕಟ್ಟು ಹಿಡಿದು ಸರಿಸಿ ಮತ್ತೆ ಅದೇ ಅಂಚಿಗೆ, ಅದೇ ಗಾಯಕ್ಕೆ ಅಪ್ಪಳಿಸಿದ. ಮೂಳೆ ಒಳಗೆ ಕುಸಿದದ್ದು ಅವನ ಬೆರಳಿಗೇ ತಿಳಿಯಿತು. ಕಾಲುಗಳು ಕೊಂಚ ಹೊತ್ತು ನೆಲ ಒದ್ದು ಸುಮ್ಮನಾದವು.

ಆಮೇಲಿನದೆಲ್ಲ ಅಚ್ಚುಕಟ್ಟು. ಬಣ್ಣದ ಬಟ್ಟಲನ್ನು ನೆಲಕ್ಕೆ ಮಗುಚಿದ. ಅವಳ ಚಪ್ಪಲಿಯನ್ನು ಅದರ ಮೇಲೆ ಜಾರಿಸಿದ. ಹೊದಿಕೆಯನ್ನು ತೊಳೆದು ಉಳಿದವುಗಳ ನಡುವೆ ತೂಗುಹಾಕಿದ. ಕೆನ್ನೆಗಂಟಿದ್ದ ಕೆನೆಯನ್ನು ಟಿಶ್ಯೂ ಕಾಗದ ಒತ್ತಿ ಒತ್ತಿ ತೆಗೆದ. ಉಜ್ಜಿದರೆ ಚರ್ಮ ಕೆಂಪಾಗಿ ಅನುಮಾನಕ್ಕೆ ದಾರಿ. ಕನ್ನಡಿ ನೋಡಿದ. ಸ್ವಚ್ಛ ಮುಖ. ಗೋಡೆಯುದ್ದದ ಆ ಕನ್ನಡಿಗಳಲ್ಲಿ ಮೊದಲ ಸಲ ತಾನು ಯಜಮಾನನಂತೆ ಕಂಡ.

ಹಿಂದಿನ ಓಣಿ ಸುತ್ತಿ ಪಕ್ಕದ ಟೈಲರ್ ಅಕ್ಕನ ಅಂಗಡಿಗೆ ಹೋಗಿ, ಬೇಕೆಂದೇ ಗುಂಡಿ ಕಿತ್ತಿಟ್ಟಿದ್ದ ಅಂಗಿ ಕೊಟ್ಟು, ಗೋಡೆಗೆ ಒರಗಿ ಕೂತ.

“ಗುಂಡಿಗೂ ನನ್ನ ಹತ್ರ ಬರ್ತೀಯಲ್ಲಣ್ಣಾ, ಹೆಂಡ್ತಿ ಯಾಕಿರೋದು?” ಅಕ್ಕ ಹೊಲಿಗೆಯಿಂದ ಕಣ್ಣೆತ್ತದೆ ಛೇಡಿಸಿದಳು.

“ಅವಳು ಊರಿನವರ ತಲೆ ನೋಡ್ತಾಳೆ ಅಕ್ಕಾ.” ಅವನು ನಕ್ಕ. ಬಳಿಕ, ಹೆಂಡತಿ ಯಾಕೋ ಫೋನೇ ಎತ್ತುತ್ತಿಲ್ಲವೆಂದು ಕಳವಳಪಟ್ಟು, ಅಕ್ಕನನ್ನೇ ಮುಂದೆ ಬಿಟ್ಟುಕೊಂಡು ಪಾರ್ಲರಿಗೆ ಹೋದ. ಅಕ್ಕ ಕಿರುಚಿದಳು. ಹೆಣದತ್ತ ಓಡಿದವಳನ್ನು ಹೊಸ್ತಿಲಲ್ಲೇ ತಡೆದು, ತಾನೂ ಅಲ್ಲೇ ಕುಸಿದು, ಮುಖ ಮುಚ್ಚಿ ಅತ್ತ. ಮುಟ್ಟಲಿಲ್ಲ, ಹತ್ತಿರ ಸುಳಿಯಲಿಲ್ಲ. ತನ್ನ ಗುರುತೊಂದೂ ಅಲ್ಲಿರಬಾರದು.

ಸುದ್ದಿ ತಿಳಿದು ಬಂದ ಇನ್‌ಸ್ಪೆಕ್ಟರ್ ಚೆಲ್ಲಿದ ಬಣ್ಣ, ಚಪ್ಪಲಿ, ಬೇಸಿನ್ನಿನ ಅಂಚು ನೋಡಿ ತಲೆಯಾಡಿಸಿದರು. ಹೊಸ್ತಿಲಿಗೆ ಬಂದು, “ನೀವು ಇವತ್ತು ಇಲ್ಲಿಗೆ ಬಂದಿದ್ರಾ?” ಎಂದು ಮೆಲ್ಲಗೆ ಕೇಳಿದರು.

“ಇಲ್ಲ ಸಾರ್. ಬೆಳಗ್ಗೆ ಮನೇಲಿ ನೋಡಿದ್ದೇ ಕೊನೆ. ಈಗ್ಲೂ ಈ ಹೊಸ್ತಿಲು ದಾಟಿಲ್ಲ. ಅಕ್ಕನ್ನ ಕೇಳಿ.” ಮುಖದಿಂದ ಕೈ ತೆಗೆದ.

ತಿಂಗಳಿಗೊಮ್ಮೆ ಇದೇ ಪಾರ್ಲರಿನಲ್ಲಿ ತಲೆಗೆ ಬಣ್ಣ ಹಚ್ಚಿಸಿಕೊಳ್ಳುವ ಅಕ್ಕ, ಅವನ ಮುಖವನ್ನೇ ನೋಡುತ್ತ ಒಂದು ಹೆಜ್ಜೆ ಹಿಂದೆ ಸರಿದಳು. ಇನ್‌ಸ್ಪೆಕ್ಟರ್ ಅವನ ಭುಜ ಹಿಡಿದೆತ್ತಿ ಕನ್ನಡಿಗಳ ಕಡೆ ತಿರುಗಿಸಿದರು. ಹಚ್ಚುವಾಗ ಕೆನೆಯಂತಿದ್ದ ಬಣ್ಣ ಚರ್ಮದೊಳಗಿಳಿದು ಅರ್ಧ ಗಂಟೆಯಲ್ಲಿ ಹಿಡಿದಿತ್ತು. ಗೋಡೆಯುದ್ದಕ್ಕೂ, ಪ್ರತಿ ಕನ್ನಡಿಯಲ್ಲೂ, ಅವನ ಕೆನ್ನೆಯ ಮೇಲೆ ಐದು ಕಪ್ಪು ಬೆರಳು. ಒಂದು ಬೆರಳಿನ ಬುಡದಲ್ಲಿ ಮಾತ್ರ ಬಣ್ಣ ತಾಗದ ತೆಳ್ಳನೆಯ ಗೆರೆ: ಮದುವೆಯ ದಿನ ಅವನೇ ತೊಡಿಸಿದ್ದ ಉಂಗುರದ್ದು.