ಕೊಮ್ಮೆ ಗುಳಿಗೆ

ಬೆಳಗಿನ ಪಾಳಿಯವರು ಗೇಟಿನಲ್ಲಿ ಒಬ್ಬೊಬ್ಬರಾಗಿ ಬಾಯಿ ತೆರೆದು, ನಾಲಗೆಯ ಮೇಲೆ ಹಸಿರು ಗುಳಿಗೆ ಹಾಕಿಸಿಕೊಂಡು ಒಳಗೆ ಹೋಗುತ್ತಿದ್ದರು. ತೀರ್ಥ ತೆಗೆದುಕೊಂಡಷ್ಟೇ ಸಲೀಸು. ಇಸವಿ ೨೦೫೮. ಗದಗಿನ ಹೊರಗೆ, ಹಳೆಯ ಬ್ಯಾಟರಿ ಒಡೆದು ಸೀಸ ಕರಗಿಸುವ ಕಾರ್ಖಾನೆ.

ಗುಳಿಗೆ ಕಂಡುಹಿಡಿದವಳು ಡಾ. ಶಾಂಭವಿ. ಬದುವಿನ ಮೇಲೆ ತಾನಾಗಿ ಹಬ್ಬುವ ಕೊಮ್ಮೆ ಗಿಡದ ಬೇರಿನಲ್ಲಿರುವ ಒಂದು ರಾಸಾಯನಿಕ, ಮೂತ್ರಪಿಂಡದ ಸೂಕ್ಷ್ಮ ನಾಳಗಳಿಗೆ ಲೇಪದಂತೆ ಅಂಟಿಕೊಂಡು ಸೀಸವನ್ನು ಜೀವಕೋಶದೊಳಗೆ ಬಿಡುವುದಿಲ್ಲ. ಮೊದಲೆಲ್ಲ ನಡುವಯಸ್ಸಿಗೇ ಡಯಾಲಿಸಿಸ್ ಹಾಸಿಗೆ ಹಿಡಿಯುತ್ತಿದ್ದವರು ಈಗ ಗಟ್ಟಿಮುಟ್ಟಾಗಿ ದುಡಿಯುತ್ತಿದ್ದರು. ಅದರಲ್ಲಿ ಸುಳ್ಳಿಲ್ಲ.

ಆ ದಿನ ಕಾರ್ಖಾನೆಯ ದವಾಖಾನೆಯಲ್ಲಿ ಅವಳ ಹತ್ತಿರ ತಪಾಸಣೆಗೆ ಬಂದ ಕುಲುಮೆಯ ಮೌಲಾಸಾಬ ತನ್ನ ವರದಿಯನ್ನು ಕೇಳಲೇ ಇಲ್ಲ. ಮಗಳು ರುಬೀನಾಳ ರಕ್ತದ ವರದಿಗಾಗಿ ಕಾದಿದ್ದ. ಹೋದ ವರ್ಷ ‘ಅಬ್ಬಾ’ ಎನ್ನುತ್ತಿದ್ದ ಮಗು ಮೂರು ತುಂಬುವ ಹೊತ್ತಿಗೆ ಅದನ್ನೂ ಬಿಟ್ಟಿತ್ತು. ರಕ್ತದ ತುಂಬ ಸೀಸ.

“ಕೆಲಸದ ಅರಿವಿ ಮ್ಯಾಲೇ ಮನಿಗೆ ಹೋಗ್ತೀರೇನು?” ಶಾಂಭವಿ ಕೇಳಿದಳು.

“ಹೌದ್ರಿ ಬಾಯಾರ. ಹೋದಕೂಡ್ಲೆ ತೊಡಿ ಮ್ಯಾಲೆ ಬಂದು ಕೂಡ್ತಾಳ. ಗುಳಿಗಿ ನುಂಗಿದ ಮ್ಯಾಲೆ ಸೀಸ ಎಲ್ಲಿ ಉಳೀತೈತ್ರಿ?”

“ಮೊದಲ ಇಲ್ಲೇ ಜಳಕ ಮಾಡಿ, ಅರಿವಿ ಬಿಚ್ಚಿಟ್ಟು ಹೋಗತಿದ್ರಲ್ಲ?”

“ಬಚ್ಚಲ ತಗದು ಗುಳಿಗಿ ಗೋದಾಮ ಮಾಡ್ಯಾರ್ರಿ.”

ಗುಳಿಗೆ ಕಾಯುವುದು ನುಂಗಿದವನ ಮೂತ್ರಪಿಂಡವನ್ನಷ್ಟೇ, ಅಂಗಿಗೆ ಅಂಟಿದ ಧೂಳು ಮಗುವಿನ ಮಿದುಳಿಗೆ ಹೋಗುವುದನ್ನು ಅದು ತಡೆಯಲಾರದು ಎಂದು ಅವಳು ಬಿಡಿಸಿ ಹೇಳಿದಳು. ಅವನು ತಲೆಯಾಡಿಸುತ್ತ ಕೇಳಿಸಿಕೊಂಡ.

ಅವನೆದುರಿಗೇ ಮ್ಯಾನೇಜರ್‌ಗೆ ಫೋನ್ ಮಾಡಿ ಬಚ್ಚಲು ಮತ್ತೆ ಕಟ್ಟಿಸಿ ಎಂದಳು. ಆತ ನಕ್ಕ. “ಬಚ್ಚಲ ಯಾಕ್ರಿ ಮೇಡಂ? ಎಲ್ಲಾರ ಕಿಡ್ನಿ ರಿಪೋರ್ಟ್ ಚಲೋ ಅದಾವ. ಗುಳಿಗಿ ಕೊಟ್ಟವರು ನೀವಲ್ರಿ?”

ಅವಳು ಫೋನ್ ಇಟ್ಟಳು. ಸಿಟ್ಟು ಬರಬೇಕಿತ್ತು, ಬರಲಿಲ್ಲ.

“ಇವತ್ತಿಂದ ಅರಿವಿ ಬದಲಿಸ್ತೀನ್ರಿ,” ಎಂದ ಮೌಲಾಸಾಬ. “ಮಗಳ ಹೋದ ಮಾತು ತಿರುಗಿ ಬರತೈತೇನ್ರಿ?”

ಶಾಂಭವಿ ರುಬೀನಾಳ ವರದಿಯನ್ನು ಮಡಿಚಿ ಅವನ ಕೈಗಿಟ್ಟಳು. ಅವನು ಅದನ್ನು ಕಿಸೆಗೆ ಹಾಕಿಕೊಂಡ. ನಂತರ ಸಂಕೋಚದಿಂದಲೇ, “ಹಂಗಾದ್ರ ಮಿದುಳಿಗೂ ಒಂದು ಗುಳಿಗಿ ಮಾಡ್ರಿ ಬಾಯಾರ,” ಎಂದ.

ಯಾವ ಗಿಡ ಆದೀತು ಎಂದು ಅವಳು ಆಗಲೇ ಯೋಚಿಸತೊಡಗಿದ್ದಳು. ಧೂಳು ತೊಳೆಯುವ ನೀರು, ಸೋಪು ಎರಡನ್ನೂ ಯಾರೋ ಯಾವಾಗಲೋ ಕಂಡುಹಿಡಿದಾಗಿತ್ತು.