ಲೆಕ್ಕಕ್ಕೆ ಸಿಗದ ಮಂದೆ

"ಕಂಪ್ಯೂಟರ್ ಹೇಳಿದ ಊರಿಗೇ ಮೊದಲು ಹಾಕೋಣ ಅಂತ ಇಟ್ಟಿದ್ದೆ ಸರ್. ಬೆಳಿಗ್ಗೆ ನೋಡಿದ್ರೆ ಫ್ರಿಜ್ಜಲ್ಲಿ ಮೂರು ಬಾಟ್ಲಿ ಇಲ್ಲ," ಎಂದರು ಪಶುವೈದ್ಯೆ ನೀಲಾಂಬಿಕ.

ಮಾರ್ಚ್ ಹತ್ತು, ಸೋಮವಾರ, ಬೆಳಿಗ್ಗೆ 10.40. ಪಿಎಸ್‌ಐ ಶ್ರೀನಿವಾಸ ದೂರನ್ನು ಎರಡು ಸಲ ಓದಿದರು. ಕಳುವಾಗಿದ್ದು ಚಿನ್ನವಲ್ಲ, ಬೈಕಲ್ಲ. ಕುರಿಗಳ ಹಿರೇಬೇನೆಗೆ ಹಾಕುವ ಲಸಿಕೆ, ಮುನ್ನೂರು ಕುರಿಗಳಿಗೆ ಆಗುವಷ್ಟು. ಸರ್ಕಾರ ಪುಕ್ಕಟೆ ಕೊಡುವುದನ್ನು ಯಾರಾದರೂ ಯಾಕೆ ಕದಿಯಬೇಕು? ಮೈಸೂರು ಪೇಟೆಯಲ್ಲಿ ಬೆಳೆದ ಅವರ ಬುದ್ಧಿ ಅಲ್ಲಿಗೇ ನಿಂತುಬಿಟ್ಟಿತು.

ವೈದ್ಯೆಯ ಜೊತೆ ಹನುಮಮ್ಮ ಎಂಬ ಹೆಂಗಸೂ ಬಂದಿದ್ದಳು. ಲಸಿಕೆ ಆಕೆಯ ಹಟ್ಟಿಗೆ ಮೀಸಲಾಗಿತ್ತು. ಬೇನೆ ತಿಂಗಳ ಕೊನೆಗೆ ಅಲ್ಲಿಗೆ ತಲುಪುವ ಅಂದಾಜಿತ್ತು. ಲಸಿಕೆ ಮೈಗೆ ಹಿಡಿಯಲು ಹತ್ತು ಹನ್ನೆರಡು ದಿನ ಬೇಕು. ಅಂದರೆ ಈ ವಾರ ಹಾಕದಿದ್ದರೆ ಹಾಕಿಯೂ ಸುಖವಿಲ್ಲ.

"ಎಷ್ಟು ಕುರಿ ಇವೆ ಅಮ್ಮ?"

"ಅದಾವ್ರಿ ಒಂದಿಷ್ಟು," ಎಂದಳು ಹನುಮಮ್ಮ, ಗೋಡೆಯ ಕಡೆ ನೋಡುತ್ತ.

ಎಫ್‌ಐಆರ್ ದಾಖಲಾಯಿತು. ಮಧ್ಯಾಹ್ನ ಹನ್ನೆರಡಕ್ಕೆ ಆನವಟ್ಟಿ ರಸ್ತೆಯ ಪಶು ಚಿಕಿತ್ಸಾಲಯದಲ್ಲಿ ಪಂಚನಾಮೆ ನಡೆಯಿತು. ಬೀಗ ಮುರಿದಿಲ್ಲ. ಕಿಟಕಿಯ ಸರಳು ಅಲುಗಾಡಿಲ್ಲ. ಬೀಗದ ಕೈ ಮೊಳೆಗೆ ನೇತಾಡುವುದು ಒಳಗಿನವರಿಗೆಲ್ಲ ಗೊತ್ತು. ಗೋಡೆಗೆ ಅಂಟಿಸಿದ್ದ ದೊಡ್ಡ ನಕ್ಷೆಯೊಂದರಲ್ಲಿ ಹಟ್ಟಿಗಳಿದ್ದಲ್ಲಿ ಚುಕ್ಕೆ, ಚುಕ್ಕೆಯಿಂದ ಚುಕ್ಕೆಗೆ ಬಾಣದ ಗುರುತು.

ಅದು ಗಣಿತದ ಮೇಷ್ಟ್ರು ಸಿದ್ಧಲಿಂಗೇಶ್ ಮಾಡಿಕೊಟ್ಟಿದ್ದು. ಕಾಲೇಜಿನ ಮಕ್ಕಳಿಗೆ ಪಾಠ ಹೇಳಲೆಂದು ಶುರುವಾದ ಕೆಲಸವಂತೆ. ಫೋನಿನಲ್ಲಿ ಅವರು ಕಾಲು ಗಂಟೆ ವಿವರಿಸಿದರು: ಬೇನೆ ಬಿದ್ದ ಒಂದು ಕುರಿಯಿಂದ ಎಷ್ಟಕ್ಕೆ ತಗುಲುತ್ತದೆ, ಒಂದೇ ಕೆರೆಯ ನೀರನ್ನು ಎಷ್ಟು ಮಂದೆ ಕುಡಿಯುತ್ತವೆ, ಯಾವ ಹಟ್ಟಿಯಲ್ಲಿ ಎಷ್ಟು ಕುರಿ. ಇಷ್ಟು ಕೊಟ್ಟರೆ ಬೇನೆ ಮುಂದೆ ಯಾವ ಊರಿಗೆ, ಯಾವಾಗ ಎಂದು ಸಮೀಕರಣವೇ ಹೇಳುತ್ತದೆ. ಶ್ರೀನಿವಾಸ ಹೂಂಗುಟ್ಟಿದರು. ತಿಳಿದದ್ದು ಅರ್ಧ, ಉಳಿದದ್ದು ಗೊಂದಲ.

ಗೊಂದಲ ಸಂಜೆಗೆ ಇನ್ನೂ ಹೆಚ್ಚಿತು. ಹನುಮಮ್ಮನ ಹಟ್ಟಿಯೊಂದು ಬಿಟ್ಟು ದೊಡ್ಡ ಮಂದೆಗಳಿಗೆಲ್ಲ ಹೋದ ವಾರವೇ ಲಸಿಕೆ ಬಿದ್ದಿತ್ತು. ಚಿಕಿತ್ಸಾಲಯದ ಕುರಿ ಎಣಿಕೆಯ ಪಟ್ಟಿಯಲ್ಲಿ ಉಳಿದವರೆಲ್ಲ ಇಪ್ಪತ್ತು, ಮೂವತ್ತು, ನಲವತ್ತು ಕುರಿಯವರು. ಬಾಟ್ಲಿ ಬಿಚ್ಚಿ ಮದ್ದನ್ನು ನೀರಿಗೆ ಬೆರೆಸಿದ ಮೇಲೆ ಕೆಲವು ಗಂಟೆಗಳಲ್ಲೇ ಮುಗಿಸಬೇಕು. ನಲವತ್ತು ಕುರಿಯವನು ಮೂರು ಬಾಟ್ಲಿ ಯಾಕೆ ಒಯ್ದಾನು?

"ಸರ್, ಆ ಪಟ್ಟಿ ನಂಬಬ್ಯಾಡ್ರಿ," ಎಂದ ಹೆಡ್ ಕಾನ್‌ಸ್ಟೆಬಲ್ ಹುಲಿಯಪ್ಪ. ಕುರಿ ಸಾಕುವವರು ಸಂಖ್ಯೆ ಬಾಯಿಬಿಟ್ಟು ಹೇಳುವುದಿಲ್ಲ, ಹೇಳಿದರೆ ಕಣ್ಣು ಬಿದ್ದು ಮಂದೆ ಕರಗುತ್ತದೆಂಬ ಭಯ ಎಂದು ಅವನು ವಿವರಿಸಿದ. ಸಾಹೇಬರು ಕುರ್ಚಿಯಲ್ಲಿ ಹಿಂದಕ್ಕೆ ಒರಗಿದರು.

"ಮತ್ತೆ ನಿಜವಾದ ಸಂಖ್ಯೆ ಯಾರನ್ನ ಕೇಳೋದು?"

"ಹೊಲದೋರ್ನ ಕೇಳ್ಬೇಕ್ರಿ."

ಮರುದಿನ ಬೆಳಿಗ್ಗೆ ಎಂಟಕ್ಕೆ ಬೈಕು ಹೊರಟಿತು. ಸುಗ್ಗಿ ಮುಗಿದ ಹೊಲದಲ್ಲಿ ಗೊಬ್ಬರಕ್ಕಾಗಿ ಮಂದೆಯನ್ನು ಮಲಗಿಸುವುದಕ್ಕೆ ಕುರಿ ತರುಬುವುದು ಎನ್ನುತ್ತಾರೆ. ಮಂದೆ ದಿನಕ್ಕಿಷ್ಟು ಜಾಗ ತುಂಬಿಸುತ್ತ ಮುಂದೆ ಸರಿಯುತ್ತದೆ. ನಾಲ್ಕು ಹೊಲದವರನ್ನು ಕೇಳಿದರು. ಮೂರರಲ್ಲಿ ಲೆಕ್ಕ ಪಟ್ಟಿಗಿಂತ ತುಸು ಹೆಚ್ಚು, ಅಷ್ಟೇ. ನಾಲ್ಕನೆಯದು ಮತ್ತಿಕೊಪ್ಪದ ಗೋಪಾಲಪ್ಪನ ಹೊಲ. ಅಲ್ಲಿ ತರುಬಿದ್ದವನು ಸಣ್ಣಬೀರಪ್ಪ, ಪಟ್ಟಿಯ ಪ್ರಕಾರ ನಲವತ್ತು ಕುರಿ.

"ನಾಕು ದಿನಕ್ಕೆ ಒಂದೆಕರೆ ತುಂಬಿಸಿಬಿಟ್ಟ ನೋಡ್ರಿ ಮಾರಾಯ್ರೆ," ಎಂದ ಗೋಪಾಲಪ್ಪ, ಸಂತೋಷದಿಂದ.

ಸಾವಿರ ಕುರಿ ಒಂದೇ ದಿನಕ್ಕೆ ಎಕರೆ ತುಂಬಿಸುತ್ತವೆ ಎಂಬುದು ಈ ಕಡೆಯ ವಾಡಿಕೆಯ ಲೆಕ್ಕ. ಹುಲಿಯಪ್ಪ ಅಂಗೈ ಮೇಲೆ ಪೆನ್ನಿನಿಂದ ಬರೆದು ತೋರಿಸಿದ: ಇನ್ನೂರೈವತ್ತು.

ಸಿದ್ಧಲಿಂಗೇಶರಿಗೆ ಫೋನು ಹೋಯಿತು. ನಲವತ್ತರ ಜಾಗದಲ್ಲಿ ಇನ್ನೂರೈವತ್ತು ಹಾಕಿದರೆ ಏನಾಗುತ್ತದೆ ಎಂದು ಶ್ರೀನಿವಾಸ ಕೇಳಿದರು. ಮೇಷ್ಟ್ರು ಸಂಖ್ಯೆ ಬದಲಿಸಿ ಮತ್ತೆ ಲೆಕ್ಕ ಓಡಿಸಿದರು. ಬಾಣವೇ ತಿರುಗುತ್ತದೆ, ಬೇನೆ ಮೊದಲು ಹೊಗುವುದು ಮತ್ತಿಕೊಪ್ಪಕ್ಕೆ ಎಂದರು. ಕುರಿ ಎಣಿಕೆಯ ಹಾಳೆ ಬರೆದವರು ಯಾರು? ಹಳ್ಳಿಗಳಲ್ಲಿ ಪಶುವೈದ್ಯೆಗೆ ನೆರವಾಗುವ ಚಿಕಿತ್ಸಾಲಯದ ಪಶು ಸಖಿ ರೋಜಾ. ಅವಳ ಅಪ್ಪ ಸಣ್ಣಬೀರಪ್ಪ.

ರೋಜಾ ಏನನ್ನೂ ಮುಚ್ಚಿಡಲಿಲ್ಲ. ಹಿತ್ತಲಿನಿಂದ ಮೂರು ಖಾಲಿ ಬಾಟ್ಲಿಗಳನ್ನು ತಾನೇ ತಂದು ಪಂಚರ ಮುಂದೆ ಇಟ್ಟಳು. ಭಾನುವಾರ ಬೆಳಗಿನ ಜಾವ ಒಬ್ಬಳೇ ಅಷ್ಟೂ ಕುರಿಗೆ ಸೂಜಿ ಹಾಕಿದ್ದಳಂತೆ.

"ನಲವತ್ತು ಅಂತ ಯಾಕೆ ಬರೆದೆ?"

"ಅಪ್ಪ ಅಷ್ಟೇ ಅಂದ್ರು ಸರ್."

"ನಿನಗೆ ಗೊತ್ತಿರಲಿಲ್ವಾ?"

"ಕುರಿ ಹಿಂದೇನೇ ಬೆಳೆದೋಳ್ರಿ ನಾನು."

"ಡಾಕ್ಟರಿಗೆ ಹೇಳಬಹುದಿತ್ತು."

"ಹೇಳಿದ್ರೆ ಅಪ್ಪ ಸುಳ್ಳ ಅಂತ ನಾನೇ ಬರ್ಕೊಟ್ಟಂಗೆ. ನಮ್ಮ ಹಟ್ಟಿ ಒಂದೇ ಅಲ್ರಿ. ನಾ ಬರ್ದ ಹಟ್ಟಿ ಎಲ್ಲಾ ಹಂಗೇ ಅದಾವೆ, ಸುಳ್ಳು ಒಂದರಾಗೆ ಜಾಸ್ತಿ, ಒಂದರಾಗೆ ಕಮ್ಮಿ."

ಮಾರ್ಚ್ ಹನ್ನೊಂದು, ಮಧ್ಯಾಹ್ನ 3.15ಕ್ಕೆ ಮಹಿಳಾ ಪೇದೆಯ ಸಮಕ್ಷಮ ಬಂಧನವಾಯಿತು. ಶ್ರೀನಿವಾಸ ತಮ್ಮ ಡೈರಿಯಲ್ಲಿ ಬರೆದುಕೊಂಡರು: ಆರೋಪಿಗೆ ದುರಾಸೆಯಿಲ್ಲ. ಹಾಳೆಯ ಸಂಖ್ಯೆ ಸುಳ್ಳು, ಹಾಗಾಗಿ ನಕ್ಷೆಯ ಬಾಣವೂ ತಪ್ಪು ಎಂದು ಚಿಕಿತ್ಸಾಲಯದಲ್ಲಿ ಗೊತ್ತಿದ್ದವಳು ಆಕೆ ಒಬ್ಬಳೇ. ಅಪ್ಪನ ನಂಬಿಕೆಯನ್ನೂ ಮಂದೆಯನ್ನೂ ಒಟ್ಟಿಗೆ ಉಳಿಸಲು ಹೋಗಿ, ಹನುಮಮ್ಮನ ಪಾಲನ್ನು ಒಯ್ದಿದ್ದಾಳೆ.

ಶಿವಮೊಗ್ಗದಿಂದ ಮರುದಿನ ಹೊಸ ಲಸಿಕೆ ಬರುವುದಿತ್ತು, ಆದರೆ ಸ್ವಲ್ಪವೇ. ಅದು ಯಾವ ಹಟ್ಟಿಗೆ ಮೊದಲು ಎಂದು ಹೇಳಬೇಕಾದರೆ ಮೇಷ್ಟ್ರಿಗೆ ಎಲ್ಲ ಹಟ್ಟಿಗಳ ನಿಜವಾದ ಸಂಖ್ಯೆ ಬೇಕು. ಸಣ್ಣಬೀರಪ್ಪ ಹೇಳಿದರೆ ಉಳಿದವರೂ ಹೇಳುತ್ತಾರೆ ಎಂದು ಹುಲಿಯಪ್ಪ ಪಿಸುಗುಟ್ಟಿದ. ಜೀಪಿನಲ್ಲಿ ಕೂತ ಮಗಳನ್ನು ನೋಡುತ್ತ ನಿಂತಿದ್ದ ಅವನನ್ನು ಶ್ರೀನಿವಾಸ ಮಂದೆಯ ಸಂಖ್ಯೆ ಕೇಳಿದರು. ಮುದುಕ ತಲೆಯ ರುಮಾಲು ಬಿಚ್ಚಿ ಮತ್ತೆ ಸುತ್ತಿಕೊಂಡ.

"ಹೇಳಿದ್ರೆ ಮಗಳ್ನ ಬಿಡ್ತೀರೇನ್ರಿ?"

"ಅದು ನನ್ನ ಕೈಲಿಲ್ಲ ಯಜಮಾನ್ರೆ. ಹನುಮಮ್ಮನ ಕುರಿ ಉಳೀಬಹುದು."

"ನನ್ನ ಬಾಯಿಂದ ಬರಂಗಿಲ್ರಿ ಅದು."

ಅವನು ಮಂದೆಯ ಕಡೆಗೆ ನಡೆದ. ಒಂದು ಕುರಿ ನುಸುಳುವಷ್ಟೇ ಅಗಲಕ್ಕೆ ಬೇಲಿಯ ತಡಿಕೆಯನ್ನು ಸರಿಸಿ, ಪೊಲೀಸರಿಗೆ ಬೆನ್ನು ಮಾಡಿ, ಎರಡೂ ಕಿವಿಗಳನ್ನು ಅಂಗೈಯಿಂದ ಮುಚ್ಚಿಕೊಂಡು ನಿಂತ. ಹುಲಿಯಪ್ಪ ಎಣಿಸಲು ಪೆನ್ನು ತೆಗೆದ. ಮೊದಲ ಕುರಿ ತಲೆ ಹೊರಗಿಟ್ಟು, ಅನುಮಾನಿಸಿ, ಆಚೆ ಜಿಗಿಯಿತು.