ಡೋರನ್ ಹಾಕದ ಸಹಿ

ಭೂಮಿಯ ದಕ್ಷಿಣ ತುದಿಯ ಆ ಊರಲ್ಲಿ ಜೂನ್ ತಿಂಗಳ ಚಳಿ, ಶನಿವಾರ ಮಧ್ಯಾಹ್ನ ಮೂರು ಗಂಟೆ. ಬ್ರಯರ್ ಕ್ಲಿಪ್‌ಬೋರ್ಡ್ ಹಿಡಿದು ಡೋರನ್ ಅವರ ಬಾಗಿಲಲ್ಲಿ ನಿಂತಿದ್ದಳು.

“ಮೆಮೋರಿಯಲ್ ಹಾಲ್ ಕೆಡವಬಾರದು ಅಂತ ಒಂದು ಸಹಿ ಹಾಕಿ, ಮಿಸ್ಟರ್ ಡೋರನ್. ಬೀದೀಲಿ ಎಲ್ರೂ ಹಾಕಿದಾರೆ.”

“ನಾನು ಹಾಕಲ್ಲಮ್ಮ.”

“ಯಾಕೆ?”

ಅವರು ಮೆಲ್ಲಗೆ ಬಾಗಿಲು ಮುಚ್ಚಿದರು.

ಯುದ್ಧಕ್ಕೆ ಹೋಗಿ ವಾಪಸು ಬಾರದವರ ಹೆಸರುಗಳನ್ನು ಆ ಹಾಲ್‌ನ ಗೋಡೆಯ ಗಾರೆಯಲ್ಲೇ ಕೊರೆದಿದ್ದರು. ಕಿತ್ತು ಬೇರೆಡೆ ಇಡಹೋದರೆ ಪುಡಿಪುಡಿ. ಬ್ರಯರಳ ಅಜ್ಜಿಯ ಅಣ್ಣ ಲೆನ್ ಹೆಸರೂ ಅಲ್ಲಿತ್ತು. ಲೆನ್ ಹಡಗಿನ ಜೊತೆ ಸಮುದ್ರದಲ್ಲಿ ಮುಳುಗಿದವನು, ಅವನಿಗೆ ಗೋರಿ ಇಲ್ಲ. ಅವನ ಹುಟ್ಟುಹಬ್ಬಕ್ಕೆ ಅಜ್ಜಿ ಹೂ ಇಡುತ್ತಿದ್ದದ್ದು ಆ ಗೋಡೆಯ ಬುಡದಲ್ಲೇ. ಈಗ ಇಂಜಿನಿಯರ್ ಬಂದು, ಭೂಕಂಪವಾದರೆ ಹಾಲ್ ನಿಲ್ಲದು ಎಂದು ಬರೆದುಕೊಟ್ಟು ಹೋಗಿದ್ದ.

ಗುರುವಾರ ಸಂಜೆ ಶಾಲೆಯ ಜಿಮ್‌ನಲ್ಲಿ ಸಭೆ. ಆ ಊರಲ್ಲಿ ಸಭೆಯೆಂದರೆ ಮನೆಗೊಂದು ಪ್ಲೇಟ್ ತಿಂಡಿ ಬರಲೇಬೇಕು. ಅಜ್ಜಿ ಓವನ್‌ನಲ್ಲಿ ಬೇಯಿಸಿದ ಚೀಸ್ ಸ್ಕೋನ್ ಎಂಬ ಪುಟ್ಟ ಬನ್‌ಗಳನ್ನು ಬ್ರಯರ್ ಸಾಲುಸಾಲಾಗಿ ಹಂಚುತ್ತಾ ಬಂದಳು. ಕೊನೆಯ ಸಾಲಿನಲ್ಲಿ ಡೋರನ್ ಕೈ ಚಾಚಿದರು. ಅವಳು ಪ್ಲೇಟ್ ತಿರುಗಿಸಿಕೊಂಡು ಮುಂದೆ ಹೋದಳು.

ಅವಳ ಕ್ಲಾಸಿನ ಟೋಬಿ ಕಿಸಕ್ಕೆಂದ. “ಸೂಪರ್! ಸಹಿ ಹಾಕದೋರಿಗೆ ಸ್ಕೋನ್ ಇಲ್ಲ!”

ಅಜ್ಜಿ ಅವಳ ತೋಳು ಹಿಡಿದು ಮೂಲೆಗೆ ಎಳೆದರು. “ಏನೇ ಅದು?”

“ಲೆನ್ ತಾತನ ಹೆಸ್ರು ಬಿದ್ದೋದ್ರೂ ಅವ್ರಿಗೇನಿಲ್ಲ, ಅಜ್ಜಿ.”

“ಡೋರನ್ ಮಗಳು ಜಾನೈನ್, ಶೂ ತಗೊಳ್ಳೋಕೆ ಅಂತ ಕ್ರೈಸ್ಟ್‌ಚರ್ಚಿಗೆ ಹೋಗಿದ್ಲು ಕಣೇ. ಆ ದೊಡ್ಡ ಭೂಕಂಪದಲ್ಲಿ ಅಂಗಡಿ ಮುಂದಿನ ಗೋಡೆ ಅವಳ ಮೇಲೇ ಬಿತ್ತು.” ಅಜ್ಜಿ ಅವಳ ತೋಳು ಬಿಟ್ಟರು. “ಅದೂ ಹಳೇ ಗೋಡೆನೇ. ಚೆಂದ ಇದೆ, ಇರ್ಲಿ ಅಂತ ಬಿಟ್ಟಿದ್ದು.”

ಬ್ರಯರ್ ಪ್ಲೇಟ್ ನೋಡಿದಳು. ಉಳಿದದ್ದು ಒಂದೇ ಸ್ಕೋನ್. ಅದನ್ನೇ ಡೋರನ್ ಬಳಿ ಒಯ್ದಳು.

“ಮುರಿದೋಗಿದೆ,” ಎಂದಳು.

“ನನ್ನ ಹಲ್ಲಿಗೆ ಮುರಿದದ್ದೇ ವಾಸಿ,” ಎಂದರು ಡೋರನ್.

ಸಭೆಯ ಕೊನೆಗೆ ಊರ ಕೌನ್ಸಿಲ್‌ನವರು ಕೈ ಎತ್ತಿ ಮತ ಹಾಕಿದರು. ಹಾಲ್ ಕೆಡವುವುದೇ ಸರಿ ಎಂದಾಯಿತು. ಅಜ್ಜಿ ಕೋಟಿನ ಗುಂಡಿ ಹಾಕಿಕೊಳ್ಳಲು ಹೋಗಿ ಹೋಗಿ ಸೋತರು. ಡೋರನ್ ಕೂಡ ತಲೆ ತಗ್ಗಿಸಿ ಕೂತೇ ಇದ್ದರು.

ಯಂತ್ರ ಬಂದ ದಿನ ಊರೆಲ್ಲ ಬೇಲಿಯ ಹೊರಗೆ ನಿಂತಿತ್ತು. ಡೋರನ್ ದೂರದಲ್ಲಿ, ಒಬ್ಬರೇ. ಬ್ರಯರ್ ಅವರತ್ತ ನೋಡಿದಳು. ಅಜ್ಜಿಯ ಪಕ್ಕದಿಂದ ಒಂದು ಹೆಜ್ಜೆ ಸರಿದು ಜಾಗ ಬಿಟ್ಟಳು. ಅವರು ಬಂದು ಅಲ್ಲಿ ನಿಂತರು. ಹೆಸರಿನ ಗೋಡೆ ಒರಗಿದಾಗ ಅಜ್ಜಿ ಅವರ ತೋಳು ಹಿಡಿದುಕೊಂಡರು.

ಧೂಳು ಇಳಿಯಿತು. ಜನ ಒಬ್ಬೊಬ್ಬರಾಗಿ ಮನೆಗೆ ಹೋದರು. ಎಲ್ಲರಿಗಿಂತ ಕೊನೆಗೆ ಹೊರಟವರು ಈ ಮೂವರು.